ಊರಿಗೆಲ್ಲ ಅಕ್ಕನಾದವಳು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದೆ. ನೌಕರಿಯಲ್ಲಿದ್ದಾಗ ಪುರುಸೊತ್ತಿಲ್ಲ ಎಂದುಕೊಂಡೆ. ನಿವೃತ್ತನಾದ ಮೇಲೆ ಮಕ್ಕಳು ಏನೆಂದುಕೊಂಡಾರು ಎಂದು ಸುಮ್ಮನಾದೆ. ಹೆಂಡತಿ ಇರುವವರೆಗೆ ಅವಳಿಗಾದರೂ ಹೇಳಬಹುದಿತ್ತು. ಅವಳಿಗೂ ಅರ್ಧವಷ್ಟೇ ಹೇಳಿದೆ, ಅದೂ ನನಗೆ ಅನುಕೂಲವಾದ ಅರ್ಧ. ಈಗ ಕಣ್ಣು ಮಂಜಾಗಿದೆ, ಬರೆದ ಸಾಲು ನನಗೇ ಸರಿಯಾಗಿ ಕಾಣುವುದಿಲ್ಲ. ಇನ್ನೂ ತಡಮಾಡಿದರೆ ಹೇಳಲು ನಾನೇ ಇರುವುದಿಲ್ಲ.

ಹೋದ ವಾರ ಸೊಸೆ ಬಚ್ಚಲು ತೊಳೆಯಲೆಂದು ಹೊಸ ಫಿನಾಯಿಲ್ ತಂದಳು. ನಾನು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ಬಟ್ಟಲನ್ನು ಕೆಳಗಿಟ್ಟುಬಿಟ್ಟೆ. ಬ್ರಹ್ಮಪುರದ ಈ ಮನೆ, ಎದುರಿನ ಗುಡಿಯ ಗಂಟೆ, ಓಣಿಯಲ್ಲಿ ಆಡುವ ಹುಡುಗರ ಗದ್ದಲ ಎಲ್ಲ ಎಲ್ಲಿಗೋ ಸರಿದುಹೋಯಿತು. ನಿಜಾಮರ ಕಾಲದ ದವಾಖಾನೆಯ ಉದ್ದನೆಯ ಕಟ್ಟೆ ಕಣ್ಣ ಮುಂದೆ ಬಂತು. ಕಲ್ಲಿನ ಕಂಬಗಳು, ಆಗತಾನೆ ತೊಳೆದ ನೆಲ, ಸಾಲಾಗಿ ಕೂತ ಮಂದಿ, ಒಳಗಿನಿಂದ ಯಾರದೋ ನರಳಾಟ... ಆ ಸಾಲಿನ ಪಕ್ಕದಲ್ಲಿ ಬುತ್ತಿಯ ಗಂಟು ಸೊಂಟಕ್ಕಿಟ್ಟುಕೊಂಡು ದಾಪುಗಾಲು ಹಾಕುತ್ತ ಬರುತ್ತಿದ್ದ ಅಕ್ಕ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನಮ್ಮೂರು ಕಮಲಾಪುರದ ಮಗಳು, ಕಲಬುರಗಿಯ ಶಹಾಬಜಾರಕ್ಕೆ ಸೊಸೆಯಾಗಿ ಬಂದವಳು. ಮದುವೆಯಾಗಿ ಕೆಲವು ವರ್ಷ ಕಳೆಯುವುದರೊಳಗೆ ಪ್ಲೇಗು ಬಂದು ಅವಳ ತಂದೆ, ತಾಯಿ, ಇದ್ದೊಬ್ಬ ಅಣ್ಣನನ್ನು ಒಯ್ದಿತ್ತು. ತವರುಮನೆಯ ಗೋಡೆಯೂ ಬಿದ್ದು, ಆ ಜಾಗದಲ್ಲಿ ಯಾರೋ ಜೋಳದ ಕಣಿಕೆಯ ಬಣವೆ ಒಟ್ಟಿದ್ದರು. ಓಣಿಯ ಹೆಂಗಸರು ಯಾರಾದರೂ "ಪಾಪ, ತವರಿಲ್ಲದಾಕಿ" ಎಂದರೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು.

"ಯಾರಂದ್ರು ನನಗ ತವರಿಲ್ಲಂತ? ನಿಮಗ ಒಂದೊಂದು ಮನಿ ತವರು. ನನಗ ಊರಿಗೆ ಊರೇ ಅದ."

ಅದು ಬರೀ ಬಾಯಿಮಾತಾಗಿರಲಿಲ್ಲ. ಪಂಚಮಿಗೆ ಕಮಲಾಪುರದಿಂದ ಅವಳಿಗೆ ಉಂಡಿ ಬರುತ್ತಿದ್ದವು, ಒಂದು ವರ್ಷ ಒಬ್ಬರ ಮನೆಯಿಂದ, ಮರುವರ್ಷ ಇನ್ನೊಬ್ಬರ ಮನೆಯಿಂದ. ಪೇಟೆಗೆ ಕಾಳು ತರುವ ಗಾಡಿಯವರು ಅವಳ ಹೊಸ್ತಿಲಲ್ಲಿ ಕೆಂಪು ಬಾಳೆಯ ಚಿಪ್ಪನ್ನೋ ಒಂದು ಹೆಂಟೆ ಬೆಲ್ಲವನ್ನೋ ಇಟ್ಟು ಮುಂದೆ ಹೋಗುತ್ತಿದ್ದರು. ಊರ ಮಗಳ ಬಾಗಿಲನ್ನು ಬರಿಗೈಯಲ್ಲಿ ದಾಟಿದರೆ ಊರಿಗೇ ಮರ್ಯಾದೆಯಲ್ಲ ಎನ್ನುವ ರೂಢಿ. ಅವಳ ಗಂಡ ಕಾಳಿನ ಪೇಟೆಯಲ್ಲಿ ತೂಕ ಹಾಕುತ್ತಿದ್ದರು. ನಾವೆಲ್ಲ ಅವರನ್ನು ಮಾಮಾ ಎನ್ನುತ್ತಿದ್ದೆವು. ಮನೆ ತುಂಬ ಕಮಲಾಪುರದವರು ಮಲಗಿದ್ದ ದಿನ ಮಾಮಾ ಕಾಲಿಡಲು ಜಾಗ ಹುಡುಕುತ್ತ ಹೇಳುತ್ತಿದ್ದರು:

"ನನಗಿದ್ದಷ್ಟು ಹೆಂಡ್ತಿ ತಮ್ಮಂದಿರು ನಿಜಾಮ್ ಸಾಹೇಬಗೂ ಇರಲಿಕ್ಕಿಲ್ಲ ನೋಡಪಾ. ಆದ್ರ ಒಬ್ಬನೂ ಹಬ್ಬಕ್ಕ ಧೋತರ ತರಂಗಿಲ್ಲ. ಬಂದ್ರ ಜ್ವರ ತಗೊಂಡ ಬರ್ತಾನ."

ಅದು ನಿಜವೇ. ನಮ್ಮೂರಿನ ಬಡವರಿಗೆ ಬೇನೆ ಬಂದರೆ ಮೊದಲು ನಾಟಿ ಔಷಧ, ಆಮೇಲೆ ತಾಯಿತ, ಆಮೇಲೆ ಹಕೀಮರ ಪುಡಿ. ಅದಕ್ಕೂ ಬಗ್ಗದಿದ್ದರೆ ಕಲಬುರಗಿಯ ಸರ್ಕಾರಿ ದವಾಖಾನೆ. ಅಲ್ಲಿ ಔಷಧಕ್ಕೆ ಏನೂ ಕೊಡಬೇಕಾಗಿರಲಿಲ್ಲ, ಆದರೂ ಅದರ ಮೆಟ್ಟಿಲು ಹತ್ತಲು ನಮ್ಮ ಜನ ಹೆದರುತ್ತಿದ್ದರು. ಒಳಗೆ ನಡೆಯುವ ಮಾತೆಲ್ಲ ಉರ್ದುವಿನಲ್ಲಿ. ಹೊಟ್ಟೆಯಲ್ಲಿ ಎಲ್ಲಿ ನೋವು, ಯಾವಾಗಿನಿಂದ ನೋವು ಎಂದು ಹೇಳುವುದಕ್ಕೂ ಅವರಿಗೆ ಭಾಷೆಯಿಲ್ಲ. ಮಲಗಿಸಿಕೊಂಡರೆ ಅಲ್ಲಿ ಕೊಡುವ ರೊಟ್ಟಿ, ಹಾಲು ಯಾರ ಕೈಯದೋ ಎಂದು ಮುಟ್ಟುತ್ತಿರಲಿಲ್ಲ. ಉಪವಾಸ ಬಿದ್ದು, ಅಲ್ಲಿಂದ ಎದ್ದು ಓಡಿಬಂದು ಸತ್ತವರೂ ಇದ್ದರು.

ಇದಕ್ಕೆ ಅಕ್ಕ ತನ್ನದೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಳು. ಶಹಾಬಜಾರದಲ್ಲಿ, ಬ್ರಹ್ಮಪುರದಲ್ಲಿ ಕಮಲಾಪುರದ ನಂಟಿರುವ ಮನೆಗಳು ಎಲ್ಲೆಲ್ಲಿವೆ ಎಂದು ಅವಳಿಗೆ ಗೊತ್ತು. ಯಾರೋ ಒಬ್ಬರು ದವಾಖಾನೆಯಲ್ಲಿ ಮಲಗಿದ್ದಾರೆಂದರೆ ಮುಂಜಾನೆ ಎದ್ದು ಆ ಮನೆಗಳ ಬಾಗಿಲಲ್ಲಿ ನಿಂತು "ಊರ ರೊಟ್ಟಿ" ಎನ್ನುವಳು. ಯಾರಿಗೆ, ಏನಾಗಿದೆ ಎಂದು ಕೇಳುವ ಮೊದಲೇ ಒಳಗಿನಿಂದ ಜೋಳದ ರೊಟ್ಟಿ ಬರುತ್ತಿತ್ತು. ಒಂದು ಮನೆಯಿಂದ ಬೇಳೆಕಟ್ಟು, ಇನ್ನೊಂದರಿಂದ ಮಜ್ಜಿಗೆ. ಜ್ವರದವರಿಗೆ ಅವಳೇ ನುಚ್ಚು ಕಾಯಿಸುತ್ತಿದ್ದಳು. ಹೀಗೆ ಕೂಡಿಸಿದ ಬುತ್ತಿ ಮಂಚದ ಪಕ್ಕ ಬಂದಾಗ, ಅಳುತ್ತಿದ್ದವರು ಅಳು ನಿಲ್ಲಿಸಿ ಉಣ್ಣುವುದನ್ನು ನಾನೇ ನೋಡಿದ್ದೇನೆ.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದಿತ್ತು. ಮೈ ಕೊಯ್ಯುವ ಚಿಕಿತ್ಸೆಯಾದರೆ, ಮೂಗಿಗೆ ಔಷಧ ಹಿಡಿದು ಮಲಗಿಸುವ ಮುಂಚೆ ಸಂಬಂಧಿಕರು ಯಾರಾದರೂ ಒಪ್ಪಿಗೆಯ ಹೆಬ್ಬೆಟ್ಟು ಒತ್ತಬೇಕಾಗಿತ್ತು. ಸತ್ತರೆ ಹೆಣ ಒಯ್ಯುವವರು ಯಾರು ಎಂಬುದು ಗೊತ್ತಿರಬೇಕಲ್ಲ. ಆದರೆ ಸುಗ್ಗಿಯಲ್ಲಿ, ಬಿತ್ತನೆಯಲ್ಲಿ ಹಿಂದೆ ಬರುವವರು ಯಾರು? ಗಾಡಿಯವನು ಇಳಿಸಿ ಹೋಗುತ್ತಿದ್ದ. ಹೆಬ್ಬೆಟ್ಟು ಅಕ್ಕನದು. ದವಾಖಾನೆಯಲ್ಲಿ ಲೆಕ್ಕಪತ್ರ ಬರೆಯುವ ಮುನ್ಷಿ ಅವಳ ಓಣಿಯವನೇ. ಅವನ ಹೆಂಡತಿಯ ಹೆರಿಗೆಯಲ್ಲಿ ರಾತ್ರಿಯೆಲ್ಲ ಕೂತವಳು ಅಕ್ಕ. ಅವನು ಕನ್ನಡ, ದಖನಿ ಉರ್ದು ಎರಡನ್ನೂ ಕಲಸಿ ಮಾತಾಡುತ್ತಿದ್ದ. ಒಮ್ಮೆ ಅವಳು ಊರಿನ ನದಾಫ ಮುದುಕನೊಬ್ಬನನ್ನು ಕರೆದೊಯ್ದಿದ್ದಳು. ಹತ್ತಿ ಹಿಂಜುವ ಕಸುಬಿನವನು. ಬೆನ್ನಿಗೆ ದೊಡ್ಡ ಕುರು. ಮುನ್ಷಿ ಮಸಿಯಲ್ಲಿ ಲೆಕ್ಕಣಿಕೆ ಅದ್ದಿಕೊಂಡು ಸಂಬಂಧ ಕೇಳಿದ:

"ರಿಶ್ತಾ?"

"ಅಣ್ಣ."

ಮುನ್ಷಿ ಮುದುಕನ ಟೋಪಿ ನೋಡಿದ, ಗಡ್ಡ ನೋಡಿದ. "ಯೇ ಭೀ ಭಾಯಿ?"

"ಯಾಕ, ಗಡ್ಡ ಬಿಟ್ರ ಅಣ್ಣ ಆಗಬಾರದೇನು?"

"ಅಲ್ಲ ಬೇ ಅಕ್ಕಾ, ನಿಮ್ಮವ್ವಗ ಗಂಡುಮಕ್ಕಳು ಕಿತ್ತೆ, ಎಷ್ಟು ಮಂದಿ ಅಂತ ಒಮ್ಮಿ ಹೇಳಿಬಿಡು. ಬರ್ದು ಬರ್ದು ನನ್ನ ಕೈ ಬಿದ್ದುಹೋಗ್ಯಾವ."

"ಕಮಲಾಪುರದಾಗ ಎಷ್ಟು ಒಲಿ ಹೊಗಿಯಾಡ್ತಾವ ಅಷ್ಟು ಮನಿ ಮಕ್ಕಳು. ಬರ್ಕೊ, ಬರ್ಕೊ, ಅವಗ ಕುಂಡ್ರಾಕ ಆಗವಲ್ದು."

ಸಾಲಿನಲ್ಲಿ ಕೂತ ರೋಗಿಗಳೆಲ್ಲ ನಕ್ಕರು. ಮುನ್ಷಿ ಬರೆದುಕೊಂಡ. ಅದು ಸುಳ್ಳೆಂದು ಅವನಿಗೂ ಗೊತ್ತಿತ್ತು. ಆದರೆ ಅವಳ ಹೆಬ್ಬೆಟ್ಟು ಸುಳ್ಳಲ್ಲ ಎಂಬುದೂ ಗೊತ್ತಿತ್ತು. ಬದುಕದೆ ಹೋದವರನ್ನು ಅವಳು ಬಿಟ್ಟು ಓಡಲಿಲ್ಲ. ಗಾಡಿ ಗೊತ್ತುಮಾಡಿ ಊರಿಗೆ ಕಳಿಸಿದಳು, ಇಲ್ಲವೇ ಇಲ್ಲಿಯೇ ಮಣ್ಣು ಮಾಡಿಸಿದಳು. ಅಣ್ಣನಿಗೆ ತಂಗಿ ಮಾಡಬೇಕಾದ್ದನ್ನು ಮಾಡಿ ಮುಗಿಸಿ, ತಲೆಯ ಮೇಲೆ ನೀರು ಹಾಕಿಕೊಂಡು ಮನೆಗೆ ಬರುತ್ತಿದ್ದಳು.

ನನ್ನನ್ನೂ ಹೀಗೆಯೇ ಅವಳು ತಮ್ಮನಾಗಿ ಮಾಡಿಕೊಂಡಳು. ನಮ್ಮದು ಕಮಲಾಪುರದಲ್ಲಿ ಸಾಧಾರಣ ಒಕ್ಕಲುತನದ ಮನೆ. ಮುಂದೆ ಓದುವ ಆಸೆ ನನಗಿತ್ತು, ಕಲಬುರಗಿಯಲ್ಲಿ ನಮ್ಮವರು ಯಾರೂ ಇರಲಿಲ್ಲ. ಅಪ್ಪ ನನ್ನನ್ನು ಅಕ್ಕನ ಬಾಗಿಲಿಗೆ ತಂದು ಬಿಟ್ಟರು. ಶಾಲೆಯಲ್ಲಿ ಇವನು ಯಾರು ಎಂದು ಕೇಳಿದಾಗ "ನನ್ನ ಸಣ್ಣ ತಮ್ಮ" ಎಂದಳು. ಹೈಸ್ಕೂಲು ಮುಗಿಸುವವರೆಗೆ ಅವಳ ಒಲೆಯ ಮುಂದೆ ಕೂತು ಉಂಡೆ. ಉರ್ದು ಕಲಿತೆ, ಶೇರವಾನಿ ಹಾಕುವುದನ್ನು ಕಲಿತೆ. ಅದರ ಜೊತೆಗೆ ಅವಳ ಮನೆಗೆ ಬರುವ ನಮ್ಮೂರಿನವರ ಕೆಮ್ಮು, ಕೀವಿನ ಬಟ್ಟೆ, ಬೆವರಿನ ವಾಸನೆ ನೋಡಿ ಮೂಗು ಮುಚ್ಚುವುದನ್ನೂ ಕಲಿತೆ. ಅಕ್ಕ ಅದನ್ನು ಗಮನಿಸಿದ್ದಳೋ ಏನೋ.

ಓದು ಮುಗಿದ ಮೇಲೆ ಕಚೇರಿಯೊಂದರಲ್ಲಿ ಉಮೇದುವಾರನಾಗಿ ಸೇರಿದೆ. ಉಮೇದುವಾರ ಎಂದರೆ ಸಂಬಳವಿಲ್ಲದೆ ದುಡಿಯುತ್ತ, ಜಾಗ ಖಾಲಿಯಾದಾಗ ಸಾಹೇಬರ ಕಣ್ಣಿಗೆ ಬೀಳಲಿ ಎಂದು ಕಾಯುವವನು. ನನ್ನ ಭವಿಷ್ಯ ಸಾಹೇಬರ ಮುಂದೆ ಕಾಗದಪತ್ರ ಇಡುವ ಪೇಶಕಾರರ ಕೈಯಲ್ಲಿತ್ತು. ಅವರು ಖಾನದಾನಿ ಮನುಷ್ಯ, ಮನೆತನ ಕೇಳಿ ಮಾತಾಡುವವರು. ಅವರ ಮುಂದೆ ನಾನು ನಮ್ಮ ಮನೆಯನ್ನು ಇದ್ದದ್ದಕ್ಕಿಂತ ಎತ್ತರ ಮಾಡಿ ಹೇಳಿದ್ದೆ. ಒಂದು ಜಾಗ ಖಾಲಿಯಾಗುವುದರಲ್ಲಿತ್ತು. ನನ್ನ ಹೆಸರು ಬರೆಯುತ್ತೇನೆ ಎಂದಿದ್ದರು, ಬರೆದಿರಲಿಲ್ಲ.

ಆಗ ಮಾಗಿಯ ಚಳಿ, ಕಬ್ಬು ಅರೆಯುವ ಕಾಲ. ಕಮಲಾಪುರದ ಕೆಳಗಿನ ಕೇರಿಯ ಯುವಕನೊಬ್ಬ ಗಾಣಕ್ಕೆ ಕಬ್ಬು ಕೊಡುವ ಕೆಲಸ ಮಾಡುತ್ತಿದ್ದ. ನನ್ನ ವಾರಿಗೆಯವನೇ. ಸಣ್ಣವರಿದ್ದಾಗ ಹೊಲದಲ್ಲಿ ಜೊತೆಗೆ ಆಡಿದ್ದೆವು, ನಮ್ಮ ಮನೆಯ ಕಟ್ಟೆ ಮಾತ್ರ ಅವನು ಹತ್ತಿದವನಲ್ಲ. ಒಂದು ದಿನ ಕಬ್ಬಿನ ಜೊತೆ ಅವನ ಬಲಗೈಯೂ ಉರುಳೆಗಳ ನಡುವೆ ಹೋಯಿತು. ಎತ್ತು ನಿಲ್ಲಿಸುವಷ್ಟರಲ್ಲಿ ಬೆರಳುಗಳು ಉಳಿದಿರಲಿಲ್ಲ. ಊರಲ್ಲಿ ಅರಿಸಿನ, ಸುಣ್ಣ ಮೆತ್ತಿ ಬಟ್ಟೆ ಸುತ್ತಿದರು. ಕೈ ಬಾತು, ಕಪ್ಪಾಗಿ, ಹತ್ತಿರ ಕೂರಲಾಗದಂತೆ ನಾತ ಹೊಡೆಯತೊಡಗಿದಾಗ ಹಿರಿಯರು "ಅಕ್ಕನ ಕಡಿ ಒಯ್ಯಿರಿ" ಎಂದರು.

ಗಾಡಿ ಶಹಾಬಜಾರಕ್ಕೆ ಬಂದ ಮುಂಜಾನೆ ಅಕ್ಕ ಚಳಿಜ್ವರದಲ್ಲಿ ಕೌದಿ ಹೊದ್ದು ಮಲಗಿದ್ದಳು. ಸುದ್ದಿ ಕೇಳಿ ಎದ್ದಳು, ಗೋಡೆ ಹಿಡಿದಳು, ಅಲ್ಲಿಯೇ ಕುಸಿದು ಕೂತಳು. ಮಾಮಾ ಆಗಲೇ ಪೇಟೆಗೆ ಹೋಗಿದ್ದರು. ನಾನು ಕಚೇರಿಗೆ ಹೊರಡಲು ಶೇರವಾನಿಯ ಗುಂಡಿ ಹಾಕುತ್ತಿದ್ದೆ.

"ತಮ್ಮಾ, ಇವತ್ತು ನೀ ಹೋಗಿ ಬಾ. ಅವರವ್ವ ನಡಕೋತ ಬರಾಕತ್ಯಾಳಂತ, ನಾಳಿಗಿ ಮುಟ್ತಾಳ. ಮುನ್ಷಿ ಕೇಳಿದ್ರ ಅಣ್ಣ ಅನ್ನು. ನಿನಗರ ಸಹಿ ಬರ್ತದ, ಸಹಿ ಮಾಡು. ಅಷ್ಟ."

"ಕಚೇರಿಗಿ ಹೊತ್ತಾಗ್ತದಕ್ಕಾ."

"ಅವನ ಕೈ ಕೊಳಿಯಾಕತ್ತದ. ಕಚೇರಿ ಏನು ಕೊಳಿಯಂಗಿಲ್ಲ, ಹೋಗು."

ಹೋದೆ. ದವಾಖಾನೆಯ ಕಟ್ಟೆಯ ಮೇಲೆ ಅವನನ್ನು ಮಲಗಿಸಿ ಗಾಡಿಯವನು ಎತ್ತು ತಿರುಗಿಸಿದ. ಗಾಣ ನಿಲ್ಲಿಸಿ ಬಂದಿದ್ದೇನೆ, ಒಡೆಯ ಬೈಯುತ್ತಾನೆ ಎಂದ. ಡಾಕ್ಟರ್ ಸಾಹೇಬರು ಹೊರಗೆ ಬಂದು ಬಟ್ಟೆ ಬಿಚ್ಚಿಸಿ ನೋಡಿದರು. ಮಣಿಕಟ್ಟಿನ ಹತ್ತಿರ ತೆಗೆಯಬೇಕು, ಇವತ್ತೇ ಆಗಬೇಕು, ತಡವಾದರೆ ವಿಷ ಮೇಲೇರುತ್ತದೆ, ಜೊತೆಗಿರುವವರಿಂದ ಒಪ್ಪಿಗೆ ತೆಗೆದುಕೊಳ್ಳಿ ಎಂದು ಮುನ್ಷಿಗೆ ಹೇಳಿ ಒಳಗೆ ಹೋದರು. ಗಾಣದವನು ಕಣ್ಣು ಮುಚ್ಚಿ ಬಿದ್ದಿದ್ದ. ಎಚ್ಚರವಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ. ನಾನು ಅವನಿಂದ ಒಂದಿಷ್ಟು ದೂರ, ಗಾಳಿ ಬರುವ ಕಡೆ ನಿಂತಿದ್ದೆ.

ಮುನ್ಷಿ ನನ್ನನ್ನು ನೋಡಿ ನಕ್ಕ. "ಅಕ್ಕ ಕಾಂ ಹೈ, ಎಲ್ಲದಾಳ?"

"ಜ್ವರ ಬಂದಾವ."

"ಹೋಗ್ಲಿ, ನೀ ಬಂದೀಯಲ್ಲ. ರಿಶ್ತಾ? ಭಾಯೀಚ್ ನಾ?" ಅಣ್ಣನೇ ತಾನೆ ಎಂದು ಅವನೇ ಉತ್ತರ ಎತ್ತಿಕೊಟ್ಟು ಬರೆಯಲು ಬಗ್ಗಿದ. ನಾನು ತಲೆಯಾಡಿಸಿದ್ದರೂ ಸಾಕಾಗಿತ್ತು.

ಆಗ ಹಿಂದಿನಿಂದ ಒಂದು ದನಿ ನನ್ನ ಹೆಸರು ಹಿಡಿದು ಕರೆಯಿತು. ತಿರುಗಿದರೆ ಪೇಶಕಾರರು. ಮನೆಯಲ್ಲಿ ಯಾರಿಗೋ ಔಷಧ ಒಯ್ಯಲು ಬಂದಿದ್ದರಂತೆ. ಅತ್ತರು ಹಚ್ಚಿದ ಕರವಸ್ತ್ರ ಮೂಗಿಗೆ ಹಿಡಿದು ನೆಲದ ಮೇಲಿದ್ದವನನ್ನು ನೋಡಿದರು. ಅವನ ಮೈಮೇಲಿನ ಹರಕು ಕಂಬಳಿ, ಮಣ್ಣು ಮೆತ್ತಿದ ಕಾಲು, ಮುತ್ತಿದ ನೊಣ. ಆಮೇಲೆ ನನ್ನ ಶೇರವಾನಿ ನೋಡಿದರು.

"ಯೇ ತುಮ್ಹಾರಾ ಭಾಯಿ ಹೈ?"

ನ್ಯಾಯವಾಗಿ ಬರೆಯಬೇಕೆಂದರೆ, ಆ ಗಳಿಗೆಯಲ್ಲಿ ನಾನು ಯೋಚನೆಯನ್ನೇ ಮಾಡಲಿಲ್ಲ. ಬಾಯಿ ತಾನಾಗಿ ಹೇಳಿತು. "ಜೀ ನಹೀಂ. ಕೋಯೀ ನಹೀಂ." ಇಲ್ಲ ಸಾಹೇಬರೆ, ಯಾರೂ ಅಲ್ಲ, ನಮ್ಮ ಊರ ಕಡೆಯವನು ಅಷ್ಟೆ, ಯಾರೋ ಕಳಿಸಿದರು, ಬಂದೆ. ಇಷ್ಟನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ನಾನು ಬೇಡದ್ದನ್ನೆಲ್ಲ ಹೇಳಿದೆ.

ಮುನ್ಷಿಯ ಲೆಕ್ಕಣಿಕೆ ನಿಂತಿತು. ಪೇಶಕಾರರು ಅವನ ಕಡೆ ತಿರುಗಿ, ಸರ್ಕಾರಿ ದವಾಖಾನೆಯಲ್ಲಿ ಯಾರು ಬೇಕಾದರೂ ಯಾರಿಗೆ ಬೇಕಾದರೂ ಭಾಯಿ ಎಂದು ಬರೆಯುವ ರಿವಾಜು ಇದೆಯೇನು ಎಂದು ನಗುತ್ತಲೇ ಕೇಳಿದರು. ಆ ನಗೆಗೆ ಮುನ್ಷಿಯ ಮುಖ ಬಿಳಿಚಿತು. ಅವನು ಎದ್ದು ನಿಂತು ಸಲಾಮು ಮಾಡಿ, ಇಲ್ಲ ಹುಜೂರ್, ರಕ್ತಸಂಬಂಧದವರು ಬರುವತನಕ ಕಾಯುತ್ತೇವೆ ಎಂದ. ನನ್ನ ಕಡೆ ಮತ್ತೆ ನೋಡಲಿಲ್ಲ. ನಾನು ಪೇಶಕಾರರ ಜೊತೆಯೇ ಕಚೇರಿಗೆ ನಡೆದೆ. ದಾರಿಯಲ್ಲಿ ಅವರು ನನ್ನ ಅಕ್ಷರ ಚೆನ್ನಾಗಿದೆ ಎಂದು ಹೊಗಳಿದರು.

ನಾನು ಅಂದು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಎಷ್ಟೋ ವರ್ಷ ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಒಬ್ಬನ ಕೈ ಕತ್ತರಿಸಿ ಎಂದು ಒಪ್ಪಿಗೆ ಕೊಡಲು ನಾನ್ಯಾರು ಎಂದೂ ಹೇಳಿಕೊಳ್ಳುತ್ತಿದ್ದೆ. ಹೆಂಡತಿಗೆ ಹೇಳಿದ್ದು ಈ ಅರ್ಧ. ಪೇಶಕಾರರು ಅಲ್ಲಿದ್ದರು ಎಂಬುದನ್ನು ಅವಳಿಗೂ ಹೇಳಲಿಲ್ಲ.

ಸಂಜೆ ಮನೆಗೆ ಹೋದಾಗ ಅಕ್ಕ ಕೌದಿಯೊಳಗಿಂದಲೇ ಕೇಳಿದಳು. "ಆತೇನು?"

"ಅವರವ್ವ ಬರಲಿ ಅಂದ್ರು," ಎಂದೆ. ಅವಳು ನಂಬಿದಳು. "ಹಂಗ್ಯಾಕಂದ್ರು? ಮುನ್ಷಿ ಇರಲಿಲ್ಲೇನು?" ಎಂದು ತನ್ನಷ್ಟಕ್ಕೆ ಗೊಣಗಿ ಕಣ್ಣು ಮುಚ್ಚಿದಳು.

ಮರುದಿನ ಮಧ್ಯಾಹ್ನ ಗಾಣದವನ ತಾಯಿ ಬಂದು ಮುಟ್ಟಿದಳು. ಅಕ್ಕ ಜ್ವರದಲ್ಲಿಯೇ ಎದ್ದು ಅವಳನ್ನು ಕರೆದುಕೊಂಡು ಹೋದಳು, ಜೊತೆಗೆ ಮಾಮಾ. ನಾನು ಕಚೇರಿಯಲ್ಲಿದ್ದೆ. ಅಲ್ಲಿ ಆದದ್ದನ್ನು ಸಂಜೆ ಹೊರಗಿನ ಕಟ್ಟೆಯ ಮೇಲೆ ಮಾಮಾ ನನಗೆ ಹೇಳಿದರು. ಅಂದು ಅವರು ನಗೆಚಾಟಿಕೆ ಮಾಡಲಿಲ್ಲ.

"ಮುನ್ಷಿ ತಲಿ ಎತ್ತಲಿಲ್ಲಪಾ. ಅವರವ್ವನ ಹೆಬ್ಬಟ್ಟು ಒತ್ತಿಸ್ಕೊಂಡ. ಇಕಿ ಕೈ ಚಾಚಿದ್ರ, 'ಬ್ಯಾಡಕ್ಕಾ, ಇನ್ನ ಮ್ಯಾಲ ನಿನ್ನ ಹೆಬ್ಬಟ್ಟು ನಡ್ಯಂಗಿಲ್ಲ. ನಿನ್ನ ತಮ್ಮನೇ ಸಾಹೇಬರ ಮುಂದ ಇಲ್ಲ ಅಂದಾನ, ನಾ ಹೆಂಗ ಹೌದು ಅಂತ ಬರೀಲಿ?' ಅಂದ. ಇಕಿ ಅಲ್ಲೇ ನಿಂತಳು. ನಿಂತೇ ನಿಂತಳು..."

ಮಣಿಕಟ್ಟಿನಲ್ಲಿ ಮುಗಿಯಬೇಕಾಗಿದ್ದುದು ಭುಜದವರೆಗೆ ಹೋಗಿತ್ತು. ತೋಳನ್ನೇ ತೆಗೆದರು. ಗಾಣದವನು ಬದುಕಿದ. ಬಹಳ ದಿನ ಮಲಗಿದ್ದು, ಊರ ರೊಟ್ಟಿ ಉಂಡು, ಒಂದೇ ಕೈಯವನಾಗಿ ಊರಿಗೆ ಹೋದ.

ಅಕ್ಕ ನನಗೆ ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಎದುರಾಡಿ, ಜಗಳವಾಗಿ, ಅಳುವಾಗಿ ಅದು ಮುಗಿಯುತ್ತಿತ್ತೋ ಏನೋ. ಅವಳು ಎಂದಿನಂತೆ ತಾಟು ಇಟ್ಟಳು, ರೊಟ್ಟಿ ಬಡಿದು ಹಾಕಿದಳು, ಮೇಲೆ ಬೆಣ್ಣೆಯನ್ನೂ ಇಟ್ಟಳು. "ಇನ್ನೊಂದು ಹಾಕಲೇನ್ರಿ?" ಎಂದಳು. ಅಷ್ಟು ವರ್ಷ ನೀನು, ಅವನು, ಇವನು ಎಂದವಳು ಅಂದಿನಿಂದ ನನ್ನನ್ನು ದೊಡ್ಡ ಮನೆಯ ಅತಿಥಿಯಂತೆ ಮಾತಾಡಿಸಿದಳು. ತಪ್ಪಾಯಿತಕ್ಕಾ ಎನ್ನುವ ಮಾತು ಗಂಟಲವರೆಗೆ ಬರುತ್ತಿತ್ತು. ನಾಳೆ ಹೇಳೋಣ, ಜಾಗ ಸಿಕ್ಕ ಮೇಲೆ ಸೀರೆ ತಂದುಕೊಟ್ಟು ಹೇಳೋಣ ಎಂದು ನುಂಗಿಕೊಂಡೆ. ಜಾಗ ಸಿಕ್ಕಿತು. ಬ್ರಹ್ಮಪುರದಲ್ಲಿ ಬಾಡಿಗೆ ಮನೆ ಹಿಡಿದೆ, ಮದುವೆಯಾದೆ. ಮದುವೆಗೆ ಅವಳು ಬಂದು ಅಕ್ಷತೆ ಹಾಕಿ ಊಟಕ್ಕೆ ನಿಲ್ಲದೆ ಹೋದಳು. ಸೀರೆ ತಂದದ್ದು ಗೂಟದ ಮೇಲೆಯೇ ಉಳಿಯಿತು.

ಕಮಲಾಪುರದ ಗಾಡಿಗಳು ಆಮೇಲೆಯೂ ಬಂದವು. ಅಕ್ಕ ಬುತ್ತಿ ಒಯ್ಯುವುದನ್ನು ಬಿಡಲಿಲ್ಲ. ಆದರೆ ಕೊಯ್ಯುವ ಬೇನೆ ಇದ್ದವರು ಕಟ್ಟೆಯ ಮೇಲೆ ತಮ್ಮವರಿಗಾಗಿ ಕಾಯಬೇಕಾಯಿತು. ಊರಲ್ಲಿ ಈ ಸುದ್ದಿ ಹಬ್ಬಿತು, ಅಕ್ಕನ ಮಾತು ಈಗ ನಡೆಯುವುದಿಲ್ಲವಂತೆ ಎಂದು. ಕೆಲವರು ಹೊರಡುವುದನ್ನೇ ಬಿಟ್ಟರು. ಒಂದು ದಿನ ನಾನು ಶಹಾಬಜಾರದ ಕಡೆ ಹೋಗಿದ್ದೆ. ಅವಳ ಓಣಿಯ ಬಾಯಲ್ಲಿ ನಮ್ಮೂರಿನ ಗಾಡಿ ನಿಂತಿತ್ತು. ಒಳಗೆ ಹೊಟ್ಟೆ ಬಾತ ಮುದುಕಿ. ಗಾಡಿ ಹೊಡೆಯುವವನು ಅವಳ ನಂಟನಲ್ಲ, ನೆರೆಯವನು. ಅಕ್ಕ ಏನೋ ಹೇಳುತ್ತಿದ್ದಳು, ಅವನು ತಲೆ ಅಲ್ಲಾಡಿಸುತ್ತಿದ್ದ. ಕೊನೆಗೆ ಅವನು ಮುದುಕಿಯನ್ನು ಇಳಿಸದೆಯೇ ಎತ್ತನ್ನು ಹೊರಳಿಸಿದ. ಗಾಡಿ ಕಣ್ಮರೆಯಾಗುವವರೆಗೆ ಅಕ್ಕ ಅಲ್ಲಿಯೇ ನಿಂತಿದ್ದಳು. ಅವಳು ಈಚೆ ತಿರುಗುವ ಮೊದಲು ನಾನು ಪಕ್ಕದ ಸಂದಿಗೆ ಸರಿದುಕೊಂಡೆ.

ಆ ಮುದುಕಿ ಏನಾದಳೆಂದು ನಾನು ಕೇಳಲಿಲ್ಲ. ಈಗಲೂ ಗೊತ್ತಿಲ್ಲ...

ಅಕ್ಕ ತೀರಿಕೊಂಡಾಗ ನಾನು ರಾಯಚೂರಿನ ಕಡೆ ವರ್ಗವಾಗಿದ್ದೆ. ಸುದ್ದಿ ಸಕಾಲಕ್ಕೇ ಬಂತು, ರೈಲೂ ಇತ್ತು. ರಜೆ ಸಿಗುವುದಿಲ್ಲ ಎಂದು ಮನೆಯವರಿಗೆ ಹೇಳಿದೆ. ರಜೆ ಕೇಳಿಯೇ ಇರಲಿಲ್ಲ. ಅಲ್ಲಿ ಕಮಲಾಪುರದ ಮಂದಿಯೆಲ್ಲ ಕೂಡಿರುತ್ತಾರೆ, ಅವರ ನಡುವೆ ಒಂದು ತೋಳಿಲ್ಲದವನೂ ಇರುತ್ತಾನೆ ಎಂಬ ಅಂಜಿಕೆಯೊಂದೇ ನನ್ನನ್ನು ಕಟ್ಟಿಹಾಕಿದ್ದು.

ಅವನ ಜೊತೆ ಕೂತು ಮಾತಾಡಿದ್ದು ನಿವೃತ್ತನಾದ ಮೇಲೆ. ಆಗ ನಿಜಾಮರ ಸರ್ಕಾರ ಹೋಗಿ ಎಷ್ಟೋ ಕಾಲವಾಗಿತ್ತು. ಹೊಲದ ಕೆಲಸಕ್ಕೆಂದು ಕಮಲಾಪುರಕ್ಕೆ ಹೋಗಿದ್ದೆ. ಅವನು ಯಾರದೋ ಬಾಳೆಯ ತೋಟ ಕಾಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದು ನಿಂತ. ನಾನು ಅವನ ಪಕ್ಕದಲ್ಲಿ ಬದುವಿನ ಮೇಲೆ ಕೂತೆ. ಬಹಳ ಹೊತ್ತು ಮಳೆ, ಬೆಳೆ ಎಂದು ಮಾತಾಡಿ, ಕಡೆಗೆ ಹೇಳಿದೆ. ಅಂದು ನಾನು ಹೌದೆಂದಿದ್ದರೆ ನಿನ್ನ ತೋಳು ಉಳಿಯುತ್ತಿತ್ತು, ತಪ್ಪಾಯಿತು ಎಂದೆ.

"ಗೊತ್ತದ ಬಿಡ್ರಿ," ಎಂದ ಅವನು. "ನಾ ಅಲ್ಲೇ ಮಲಗಿದ್ನಲ್ರಿ. ಕೈ ಗಾಣದಾಗ ಹೋಗಿತ್ತು, ಕಿವಿ ಏನು ಹೋಗಿರಲಿಲ್ಲ."

ಇಷ್ಟು ವರ್ಷ ಊರಿಗೆ ಬಂದಾಗಲೆಲ್ಲ ಅವನು ಎಡಗೈ ಎತ್ತಿ ನಮಸ್ಕಾರ ಮಾಡಿದ್ದ, ಮಕ್ಕಳು ಆರಾಮೇನ್ರಿ ಎಂದು ಕೇಳಿದ್ದ. ಎಲ್ಲ ಗೊತ್ತಿದ್ದೂ.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ. ಯಾರು ಅಂದಾರು ಆಗ ನನ್ನಂತಾವನ್ನ ಅಣ್ಣ ಅಂತ? ಅಕ್ಕ ಒಬ್ಬಾಕಿ ಅಂತಿದ್ಳು." ನನ್ನ ಕಡೆ ತಿರುಗಿ ಕೇಳಿದ. "ಅಕ್ಕನ ಮುಂದ ಅಂದ್ರೇನ್ರಿ ಇದು, ತಪ್ಪಾತು ಅಂತ?"

ಇಲ್ಲ ಎಂದೆ.

ಅವನು ತೋಟದ ಕಡೆ ನೋಡುತ್ತ ಅಕ್ಕನನ್ನು ಮಣ್ಣು ಮಾಡಿದ ದಿನದ ಮಾತು ತೆಗೆದ. ನಮ್ಮಲ್ಲಿ ಹೆಣ್ಣುಮಗಳು ತೀರಿದರೆ ಕಡೆಯ ಸೀರೆ ತವರಿನಿಂದ ಬರಬೇಕು. ಅದಿಲ್ಲದೆ ಹೆಣ ಎತ್ತುವುದಿಲ್ಲ.

"ತವರಿನ ಸೀರಿ ಯಾರು ತಂದೀರಿ ಅಂತ ಮಠದ ಅಯ್ಯನವರು ಕೇಳಿದ್ರು. ಕಮಲಾಪುರದಿಂದ ಮನಿಗೊಂದು ಬಂದಿತ್ರಿ. ನದಾಫರ ಮನ್ಯಾಗಿಂದೂ ಬಂದಿತ್ತು. ನಮ್ಮ ಕೇರಿದು ನಾ ಹಾಕಿದೆ, ಇದೇ ಕೈಲೆ. ಮೈ ಕಾಣದಂಗ ಆತು ಸೀರಿ. ಮಾಮಾ ಎಲ್ಲಾರ ಮುಖ ನೋಡಕೋತ ಕೂತಿದ್ರು. 'ಕಚೇರಿ ತಮ್ಮಂದು ಬಂತೇನು, ಆಕಿ ಹಾದಿ ನೋಡಾಕತ್ತಿದ್ಳು' ಅಂತ ಕೇಳಿದ್ರು."

ಅವಳು ಹಾದಿ ನೋಡುತ್ತಿದ್ದಳು ಎಂಬುದು ನನಗೆ ಗೊತ್ತಾದದ್ದು ಅಂದೇ. ಅಷ್ಟು ದೂರ ನಿಲ್ಲಿಸಿ ಮಾತಾಡಿದವಳು, ಕಡೆಗೆ ನನಗಾಗಿ ಕಾದಿದ್ದಳು.

ಈಗ ಮಾಮಾ ಇಲ್ಲ, ಮುನ್ಷಿ ಇಲ್ಲ, ಗಾಣದವನೂ ಹೋದ ಚಳಿಗಾಲದಲ್ಲಿ ಹೋದ. ಕಲಬುರಗಿಯಲ್ಲಿ ಓಣಿಗೊಂದು ಆಸ್ಪತ್ರೆಯಾಗಿದೆ. ಆದರೂ ನಮ್ಮೂರಿನ ಬಡವರು ಬಸ್ಸಿಳಿದು ಮೊದಲು ಕೇಳುವುದು ಇಲ್ಲಿ ನಮ್ಮವರು ಯಾರಿದ್ದಾರೆ ಎಂದೇ. ಯಾರೋ ನನ್ನ ಮನೆ ತೋರಿಸುತ್ತಾರೆ. ಕೋಲು ಹಿಡಿದು ಅವರ ಜೊತೆ ಹೋಗಿ ಕೂರುತ್ತೇನೆ. ಇದರಿಂದ ಹಳೆಯದು ತೀರಿತೆಂದು ನಾನು ತಿಳಿದಿಲ್ಲ. ಕಾಯುತ್ತ ಕೂತಾಗ, ಆ ಗಾಡಿಯಿಂದ ಇಳಿಯದೆ ಹೋದ ಮುದುಕಿಯ ನೆನಪೇ ಬರುತ್ತದೆ.

ಗಾಣದವನ ಮುಂದೆ ತಪ್ಪೊಪ್ಪಿಕೊಂಡೆ. ಅವನು ದೊಡ್ಡ ಮನಸ್ಸಿನವನು, ಕೇಳುವ ಮೊದಲೇ ಬಿಟ್ಟಿದ್ದ. ಆ ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದವಳು ಬೇರೊಬ್ಬಳು. ಅಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಉಂಡರೂ, ಒಂದೇ ಊರಿನಲ್ಲಿ ಎರಡು ಓಣಿ ಆಚೆ ಇದ್ದರೂ ನಾನು ಹೋಗಿ ಕಾಲು ಹಿಡಿಯಲಿಲ್ಲ. ಎಲ್ಲರೂ ಅಕ್ಕ ಅಕ್ಕ ಎಂದು ಕರೆದು ಅವಳ ಹೆಸರೇ ಮರೆತುಹೋಗಿತ್ತು. ನಾನು ಮರೆತಿಲ್ಲ. ಶರಣಮ್ಮ.